ಅನಾಥರ ಪಾಲನ್ನು ಮಾಫಿ ಮಾಡಲು ನಾವು ಯಾರು?



ಹಿಜರಿ 8ನೇ ವರ್ಷ ಮುಅ್ತಾದಲ್ಲಿ ಅಬೂತಾಲಿಬರ ಮಗ ಜಅ್‌ಫರ್(ರ) ಹುತಾತ್ಮರಾದರು. ಸುದ್ದಿ ಮದೀನಾ ತಲುಪಿದಾಗ, ಆ ಮನೆಯವರು ದುಃಖದಲ್ಲಿದ್ದಾರೆ, ಅವರಿಗಾಗಿ ಅಡುಗೆ ಮಾಡಿ ಎಂದು ಪ್ರವಾದಿವರ್ಯರು(ಸ) ಹೇಳಿದರು. ಮೂರು ದಿನ ಕಳೆದ ಮೇಲೆ ಮಕ್ಕಳನ್ನು ಬಳಿಗೆ ಕರೆಸಿಕೊಂಡರು. ಕ್ಷೌರಿಕನನ್ನು ಕರೆಸಿ ಅವರ ತಲೆಗೂದಲು ತೆಗೆಸಿದರು. ತಾಯಿ ಅಸ್ಮಾ(ರ) ಮಕ್ಕಳ ತಬ್ಬಲಿತನದ ಮಾತೆತ್ತಿದಾಗ, ಇಹದಲ್ಲೂ ಪರದಲ್ಲೂ ಇವರಿಗೆ ನಾನೇ ಪೋಷಕನಿರುವಾಗ ಬಡತನದ ಭಯವೇಕೆ ಎಂದು ಧೈರ್ಯ ತುಂಬಿದರು.

ಈ ಘಟನೆಯ ಮೊದಲರ್ಧವನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಮಯ್ಯತ್ ಆದ ಮನೆಗೆ ಊಟ ಕಳಿಸುವುದರಲ್ಲಿ ಆರ್.ಟಿ. ನಗರವಾಗಲಿ ಯಲಹಂಕವಾಗಲಿ ಹಿಂದೆ ಬಿದ್ದಿಲ್ಲ, ಕೆಲವೊಮ್ಮೆ ಊಟ ಹೆಚ್ಚಾಗಿ ಉಳಿದುಬಿಡುತ್ತದೆ. ನಾಲ್ಕನೆಯ ದಿನದಿಂದ ಏನು ಎಂಬುದೇ ಇಂದಿನ ಮಾತು.

ನಮ್ಮ ಜಮಾಅತ್‌ಗಳಲ್ಲಿ ದಿನಗೂಲಿಯವರೇ ಬಹಳ. ಗಾರೆ, ಸೆಂಟ್ರಿಂಗ್, ವೆಲ್ಡಿಂಗ್, ಪೇಂಟಿಂಗ್ ಕೆಲಸಕ್ಕೆ ಹೋಗುವವರಿದ್ದಾರೆ. ಯಶವಂತಪುರ ಯಾರ್ಡಿನಲ್ಲಿ ಮೂಟೆ ಹೊರುವವರಿದ್ದಾರೆ, ಬೈಕಿನಲ್ಲಿ ಡೆಲಿವರಿ ಮಾಡುವ ಹುಡುಗರಿದ್ದಾರೆ. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಹೊರಮಾವು ಅಗರದ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 9 ಮಂದಿ ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಹೊರ ರಾಜ್ಯಗಳಿಂದ ದುಡಿಯಲು ಬಂದವರೂ ಅವರಲ್ಲಿದ್ದರು. ಅಂಥ ದೊಡ್ಡ ದುರಂತವಾದರೆ ಟಿವಿಯವರು ಬರುತ್ತಾರೆ, ಮಂತ್ರಿಗಳು ಬರುತ್ತಾರೆ. ಒಬ್ಬನೇ ಸಾರುವೆಯಿಂದ ಬಿದ್ದು ಸತ್ತರೆ ಬರುವವರು ಮೇಸ್ತ್ರಿ ಮತ್ತು ಅವನ ಕೈಯಲ್ಲೊಂದು ಲಕೋಟೆ.

ಆಸ್ಪತ್ರೆಯ ಶವಾಗಾರದ ಮುಂದೆ ನಡೆಯುವ ಮಾತುಕತೆಯನ್ನು ನಾವು ಕಂಡಿದ್ದೇವೆ. ದಫನಿಗೆ ತಡವಾಗಬಾರದು ಎಂಬ ಆತುರ ಮನೆಯವರಿಗೆ. ಆ ಆತುರವೇ ಎದುರಿನವರಿಗೆ ಅನುಕೂಲ. ಐವತ್ತು ಸಾವಿರವೋ ಒಂದು ಲಕ್ಷವೋ ಕೊಟ್ಟು, ಇನ್ನು ನಮಗೂ ನಿಮಗೂ ಸಂಬಂಧವಿಲ್ಲ ಎಂದು ಬರೆದ ಕಾಗದಕ್ಕೆ ಭಾವನೋ ಅಣ್ಣನೋ ಸಹಿ ಹಾಕುತ್ತಾನೆ. ಪಕ್ಕದಲ್ಲಿ ನಿಂತ ಹಿರಿಯರೊಬ್ಬರು ತಕ್ದೀರ್, ಬಿಟ್ಟುಬಿಡಿ, ಮಾಫ್ ಮಾಡಿ ಎನ್ನುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮಾಫ್ ಮಾಡುವ ಹಕ್ಕು ಯಾರದು?

ಸಾವು ಅಲ್ಲಾಹನ ತೀರ್ಮಾನ ಎಂಬುದು ನಮ್ಮ ವಿಶ್ವಾಸ. ಅದನ್ನು ಸಾಲಗಾರನ ಹೊಣೆ ಇಳಿಸುವ ರಸೀದಿಯನ್ನಾಗಿ ಬಳಸಬಾರದು. ಕೈತಪ್ಪಿನಿಂದ ಆದ ಸಾವಿಗೂ ದಿಯತ್ ಕೊಡಬೇಕೆಂದು ಸೂರಃ ಅನ್ನಿಸಾದ 92ನೇ ಆಯತ್ ವಿಧಿಸಿದೆ. ವಾರಸುದಾರರು ಬಿಟ್ಟುಕೊಟ್ಟರೆ ಅದು ಅವರ ಔದಾರ್ಯ. ಪ್ರಾಪ್ತ ವಯಸ್ಕ ವಾರಸುದಾರ ತನ್ನ ಪಾಲನ್ನು ಬಿಡಬಹುದು, ಎಳೆಯ ಮಕ್ಕಳ ಪಾಲನ್ನು ಪೋಷಕನೂ ಬಿಟ್ಟುಕೊಡುವಂತಿಲ್ಲ ಎಂದು ಫಿಕ್ಹ್ ಪಂಡಿತರು ವಿವರಿಸಿದ್ದಾರೆ. ಅದೇ ಸೂರಃದ 10ನೇ ಆಯತ್, ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆಂದು ಎಚ್ಚರಿಸುತ್ತದೆ. ತಿನ್ನುವವನ ಪರವಾಗಿ ರಾಜಿ ಮಾಡಿಸುವವನೂ ತನ್ನ ಜಾಗ ಎಲ್ಲಿ ಎಂದು ಯೋಚಿಸಬೇಕು.

ಇನ್ನು ದೇಶದ ಕಾನೂನು. ಕೆಲಸದ ಸಾವಿಗೆ ಪರಿಹಾರ ಕೊಡಬೇಕೆಂಬ ಕಾಯ್ದೆ ಇಲ್ಲಿ 1923ರಿಂದ ಇದೆ. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಲೆಕ್ಕ ಸರಳ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುವುದು. ಕಾಯ್ದೆಯ ಪಟ್ಟಿಯಲ್ಲಿ 35 ವಯಸ್ಸಿಗೆ ಆ ಅಂಕಿ 197.06. 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ. ಅಷ್ಟು ದುಡಿಯುತ್ತಿದ್ದ 35 ವಯಸ್ಸಿನವನ ಮನೆಗೆ ಸಲ್ಲಬೇಕಾದದ್ದು 14,77,950 ರೂಪಾಯಿ. ಲಕೋಟೆಯಲ್ಲಿದ್ದುದು ಎಷ್ಟು?

ಮೃತನ ಹೆಂಡತಿ ಮಕ್ಕಳಿಗೆ ಸಲ್ಲುವ ಈ ಹಣವನ್ನು ಮಾಲೀಕ ಆಯುಕ್ತರ ಬಳಿ ಜಮಾ ಮಾಡಬೇಕು. ಅವಲಂಬಿತರ ಕೈಗೆ ನೇರವಾಗಿ ಕೊಟ್ಟದ್ದರಲ್ಲಿ ಮೂರು ತಿಂಗಳ ಕೂಲಿಯಷ್ಟು ಮುಂಗಡ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಕ್ಕು ಬಿಟ್ಟುಕೊಟ್ಟೆ ಎಂದು ಕಾರ್ಮಿಕ ಬರೆದುಕೊಟ್ಟ ಒಪ್ಪಂದವನ್ನೂ ಕಾಯ್ದೆ ಅಸಿಂಧು ಎನ್ನುತ್ತದೆ. ಆದ್ದರಿಂದ ಸಹಿ ಆಗಿಹೋಗಿದೆ ಎಂದು ಕೈಚೆಲ್ಲಬೇಡಿ. ಹೆಲ್ಮೆಟ್ ಹಾಕಿರಲಿಲ್ಲ, ಹೇಳಿದ ಮಾತು ಕೇಳಲಿಲ್ಲ ಎಂಬ ನೆಪಗಳು ಸಾವಿನ ಪ್ರಕರಣದಲ್ಲಿ ನಿಲ್ಲುವುದಿಲ್ಲ. ಮೇಸ್ತ್ರಿಯ ಬಳಿ ಹಣವಿಲ್ಲ ಎಂದರೆ, ತನ್ನ ವ್ಯವಹಾರದ ಕೆಲಸವನ್ನು ಅವನಿಗೆ ಗುತ್ತಿಗೆ ಕೊಟ್ಟ ಬಿಲ್ಡರ್ ಅಥವಾ ಕಂಪನಿ ಹೊಣೆ ಹೊರಬೇಕು. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12ರಂತೆ ಬಡ್ಡಿ ಸೇರುತ್ತದೆ. ಈ ಬಡ್ಡಿ ಪಡೆಯಬಹುದೇ ಎಂಬುದನ್ನು ಉಲಮಾಗಳಲ್ಲಿ ಕೇಳಿ ತಿಳಿದುಕೊಳ್ಳಿ. ಆ ಅನುಮಾನದಿಂದ ಮೂಲ ಹಕ್ಕನ್ನೇ ಬಿಡಬೇಡಿ. ಅರ್ಜಿ ಹಾಕಲು ಎರಡು ವರ್ಷ ದಾಟಲು ಬಿಡಬಾರದು.

ಸರ್ಕಾರ ಘೋಷಿಸುವ ಪರಿಹಾರ ಬೇರೆ, ಮಾಲೀಕನ ಹೊಣೆ ಬೇರೆ. ಒಂದು ಬಂತೆಂದು ಇನ್ನೊಂದು ತೀರುವುದಿಲ್ಲ. ಇಎಸ್‌ಐ ಕಾರ್ಡ್ ಇದ್ದವರದು ಮಾತ್ರ ಬೇರೆ ದಾರಿ: ಅಲ್ಲಿ ಕೂಲಿಯ ಶೇ. 90ರಷ್ಟು ಮೊತ್ತ ಅವಲಂಬಿತರಿಗೆ ತಿಂಗಳು ತಿಂಗಳು ಹಂಚಿಕೆಯಾಗುತ್ತದೆ, ಅದು ಒಂದೇ ಗಂಟಿಗಿಂತ ಎಷ್ಟೋ ಮೇಲು. ಡೆಲಿವರಿ ಹುಡುಗರಿಗೆ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ 4 ಲಕ್ಷದ ವಿಮೆ ಇದೆ, ನೋಂದಣಿ ಆಗಿರಬೇಕು ಅಷ್ಟೆ.

ದಫನ್ ಮುಗಿಸಿ ಬಂದ ಸಂಜೆಯೇ ಯಾರಾದರೂ ಒಬ್ಬರು ಕೆಲವು ಕಾಗದ ಒಟ್ಟು ಮಾಡಬೇಕು. ಎಫ್‌ಐಆರ್ ಪ್ರತಿ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಬೇಕು. ಪೋಸ್ಟ್‌ಮಾರ್ಟಂ ಬೇಡ ಎಂದು ಹಟ ಹಿಡಿಯುವವರಿಗೆ ಇದನ್ನು ತಿಳಿಹೇಳಿ. ಮೃತನ ಫೋನನ್ನು ಜೋಪಾನ ಮಾಡಿ: ಮೇಸ್ತ್ರಿ ಫೋನ್‌ಪೇಯಲ್ಲಿ ಹಾಕಿದ ವಾರದ ಬಟವಾಡೆ, ಸೈಟಿನಲ್ಲಿ ತೆಗೆದ ಫೋಟೋ, ವಾಟ್ಸಾಪಿನ ಮಾತು ಎಲ್ಲವೂ ಅವನು ಅಲ್ಲಿ ದುಡಿಯುತ್ತಿದ್ದನೆಂಬುದಕ್ಕೆ ಸಾಕ್ಷಿ. ಫೋನನ್ನು ರೀಸೆಟ್ ಮಾಡಿ ತಮ್ಮನಿಗೆ ಕೊಟ್ಟುಬಿಟ್ಟರೆ ಸಾಕ್ಷಿಯೂ ಹೋಯಿತು.

ಇದ್ದತ್ತಿನಲ್ಲಿರುವ ವಿಧವೆ ಹೇಗೆ ಓಡಾಡುವುದು ಎಂದು ಕೇಳುವವರಿದ್ದಾರೆ. ನಾಲ್ಕು ತಿಂಗಳು ಹತ್ತು ದಿನದ ಆ ಅವಧಿಯಲ್ಲೂ ಅಗತ್ಯವಿದ್ದರೆ ಹಗಲಲ್ಲಿ ಹೊರಹೋಗಲು ವಿದ್ವಾಂಸರು ಅನುಮತಿ ನೀಡಿದ್ದಾರೆ. ಹಕ್ಕಿಗಾಗಿ ವಕೀಲರ ಬಳಿ ಹೋಗುವುದು ಅಗತ್ಯವಲ್ಲದೆ ಮತ್ತೇನು? ವಕೀಲರ ಫೀಸಿಗೂ ಹೆದರಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಹಣ ಬಂದ ಮೇಲೂ ಒಂದು ಪರೀಕ್ಷೆ ಇದೆ. ಯಾರಿಗೆ ಎಷ್ಟು ಎಂದು ಆಯುಕ್ತರೇ ಹಂಚುತ್ತಾರೆ, ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಇಡಿಸುವುದುಂಟು. ಆ ಪಾಲಿನ ಮೇಲೆ ಅತ್ತೆ ಮನೆಯ ಸಾಲ, ಮೈದುನನ ಆಟೋ, ನಾದಿನಿಯ ಮದುವೆ ಎಂದು ಕಣ್ಣು ಹಾಕುವವರು ಹೊರಗಿನವರಲ್ಲ, ನಮ್ಮವರೇ.

ಬದುಕಿರುವಾಗಲೇ ಮಾಡಬೇಕಾದದ್ದೂ ಇದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನೊಳಗಿನ ಯಾರೂ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಇಂದು ನಮಾಜಿನ ಬಳಿಕ ವುಝೂಖಾನೆಯ ಪಕ್ಕ ಇಬ್ಬರು ಯುವಕರು ಅರ್ಜಿ ಬರೆದುಕೊಡಲು ಕೂತಿರುತ್ತಾರೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ತಂದವರು ಇಂದೇ ಬರೆಸಿ, ತರದವರು ಇಶಾ ನಮಾಜಿಗೆ ಬರುವಾಗ ತನ್ನಿ.