ಗುರ್ಜಿ ಶಿವರಾತ್ರಿಗೆ ಯಾಕ ಆಡೂದಿಲ್ಲ?

ಇವತ್ತ ಒಂದು ಪ್ರಶ್ನೆಯಿಂದ ಚಾಲೂ ಮಾಡೂಣು. ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಮಳಿ ಹೋದ್ರ ಹುಡುಗ್ರು ಗುರ್ಜಿ ಆಡ್ತಾವ. ಮಳಿ ಬರಲಿ ಅಂತ ಆಡೂದು. ಹಂಗಿದ್ರ ಶಿವರಾತ್ರಿ ಮುಂದ, ಬಾವಿ ತಳ ಕಂಡ ಹೊತ್ತಿನ್ಯಾಗ ಯಾಕ ಆಡೂದಿಲ್ಲ? ಆವಾಗ ಮಳಿ ಬ್ಯಾಡೇನು?

ನಾನು ಹೊಂಟಿದ್ದು ಬ್ಯಾರೆ ಕಡೆಗೆ. ಕಷ್ಟದ ದಿನದಾಗ ಮನುಷ್ಯಾನೊಳಗಿನ ಹುಡುಗಾಟ, ಆಸೆ, ಏನಾರ ಹೊಸಾದು ಮಾಡೂ ಹುರುಪು ಹೆಂಗ ಉಳಿತೈತಿ ಅಂತ ಒಂದು ಎಪಿಸೋಡ್ ಮಾಡಬೇಕಾಗಿತ್ತು. ಪುಸ್ತಕ ತಗದೆ, ಪಾಯಿಂಟು ಬರಕೊಂಡೆ. ನಡುವ ಈ ಗುರ್ಜಿ ಬಂದು ಅಡ್ಡ ನಿಂತ್ತು, ಸರಿಲೇ ಇಲ್ಲ. ಹಂಗಾಗಿ ಇವತ್ತ ಮುಕ್ಕಾಲು ಪಾಲು ಗುರ್ಜೀನ ಐತಿ. ಉಳದದ್ದನ್ನ ಕಡೀಕ ಓಡಿಸ್ಕೊಂಡು ಹೋಗ್ತೀನಿ.

ಗುರ್ಜಿ ಆಡೂ ವಿಡಿಯೊ ಯೂಟ್ಯೂಬ್‌ನಾಗ ಬೇಕಾದಷ್ಟು ಅದಾವ, ಹಾಡೂ ಅಲ್ಲೇ ಸಿಗ್ತಾವ. ನನಗ ಬೇಕಾದದ್ದು ಆ ವಿಡಿಯೊದಾಗ ಅರ್ಧ ಸೆಕೆಂಡ್ ಕಾಣೂ ಸಂಗತಿ. ರೊಟ್ಟಿ ಹಂಚಿನ ಮ್ಯಾಲೆ ಸಗಣಿ ಮುದ್ದಿ, ಅದರ ನೆತ್ತಿಗೆ ಗರಕಿ. ಹಂಚು ಹೊತ್ತ ಹುಡುಗ ಬರೇ ಚಡ್ಡಿ ಮ್ಯಾಲೆ. ಹಿಂದ ಓಣಿ ಹುಡುಗ್ರ ದಂಡು. ಬಾಗಲಕ್ಕ ಬಂದು ಹಾಡಿದ ಕೂಡ್ಲೆ ಒಳಗಿಂದ ಆಯಿ ತಂಬಿಗಿ ಹಿಡಕೊಂಡು ಬರ್ತಾಳ, ಗುರ್ಜಿ ಮ್ಯಾಲೆ ನೀರು ಹೊಯ್ತಾಳ. ಹುಡುಗ ಗಿರ್ರನೆ ತಿರಗತಾನ. ಹಂಚಿನ ನೀರು ಸುತ್ತಲೂ ಸಿಡದು, ಹೊಯ್ದ ಆಯಿ ಸೀರಿನೂ ತೊಯ್ತೈತಿ. ಸಗಣಿ ನೀರು ಹುಡುಗನ ಮೂಗಿನ ತುದಿಗೆ ಇಳದಿರತೈತಿ, ಎರಡೂ ಕೈ ಹಂಚಿನ ಮ್ಯಾಲೆ, ಒರಸ್ಕೊಳ್ಳಾಕ ಬರೂದಿಲ್ಲ. ಆಗ ನೋಡ್ರಿ, ಆಯಿ ನಗತಾಳ. ಮಳಿ ಹೋಗಿ ಬಿತ್ತಿದ ಹೆಸರು ಒಣಗಾಕತ್ತೈತಿ, ಮನ್ಯಾಗ ಸಾಲದ ಮಾತು ನಡದೈತಿ, ಆದ್ರೂ ನಗತಾಳ. ಆಮ್ಯಾಲೆ ಮರದಾಗ ಜ್ವಾಳ, ಹಿಟ್ಟು ತಂದು ನೀಡತಾಳ. ಹಂಗ ಕೂಡಿದ್ದನ್ನ ಅಡಗಿ ಮಾಡಿ ಎಲ್ಲಾರೂ ಉಣ್ಣೂದು.

ಆ ನಗೀನ ಇಟ್ಟುಕೊಂಡು ಈಗ ನಾನು ಒಬ್ಬ ದೊಡ್ಡ ಮನುಷ್ಯಾನ ಜೋಡಿ ಜಗಳಾ ತಗೀತೀನಿ.

ಜೇಮ್ಸ್ ಫ್ರೇಜರ್ ಅಂತ, ಸ್ಕಾಟ್‌ಲೆಂಡಿನಾವ. 1890ರಾಗ 'ದಿ ಗೋಲ್ಡನ್ ಬೌ' ಅಂತ ಪುಸ್ತಕ ತಂದ. ಜಗತ್ತಿನ ಎಲ್ಲಾ ಕಡಿ ಆಚರಣೆ ಕೂಡ್ಸಿ ಕೂಡ್ಸಿ ಮುಂದ ಅದು ಹನ್ನೆರಡು ಸಂಪುಟ ಆತು. ಅವನ ವಾದ ಇಷ್ಟ: ನೀರು ಹೊಯ್ದ್ರ ನೀರು ಬರತೈತಿ ಅಂತ ಹಿಂದಿನ ಮಂದಿ ತಿಳಕೊಂಡಿದ್ರು. ಮಳೀದು ನಕಲು ಮಾಡಿದ್ರ ಮಳಿ ಬರತೈತಿ, ಇದು ಅನುಕರಣೆಯ ಮಾಟ, ಅಂದ್ರ ತಪ್ಪು ವಿಜ್ಞಾನ. ಕೇಂಬ್ರಿಜ್‌ನಾಗ ಕುರ್ಚಿ ಮ್ಯಾಲೆ ಕುಂತು ಬರದದ್ದು. ನಮ್ಮ ಓದಿದ ಮಂದಿ ಇವತ್ತಿಗೂ ಗುರ್ಜಿ ಅಂದ್ರ ಇದನ್ನ ಹೇಳ್ತಾರ, ಫ್ರೇಜರ್ ಹೆಸರು ಗೊತ್ತಿರೂದಿಲ್ಲ ಅಷ್ಟ.

ಅದಕ್ಕ ಉತ್ತರ ಕೊಟ್ಟಾವನೂ ಕೇಂಬ್ರಿಜ್‌ನಾಗ ಇದ್ದಾವ, ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್. 1931ರಾಗ ಫ್ರೇಜರನ ಪುಸ್ತಕದ ಮ್ಯಾಲೆ ಟಿಪ್ಪಣಿ ಬರಿಯಾಕ ಹತ್ತಿದ. ಅದರಾಗ ಒಂದು ಕಡೆ ಅವ ಹೇಳೂದರ ತಾತ್ಪರ್ಯ ಏನಂದ್ರ, ಮಳಿಗಾಗಿ ಆಚರಣೆ ಮಾಡೂ ಮಂದಿ ಅದನ್ನ ಮಳಿಗಾಲದ ಹೊತ್ತಿಗೇ ಮಾಡ್ತಾರ. ತಮ್ಮ ಕೈಲೇ ಮಳಿ ತರಸಾಕ ಬರತೈತಿ ಅಂತ ಖರೇನ ನಂಬಿದ್ದಿದ್ರ, ಬ್ಯಾಸಗ್ಯಾಗ ನೆಲ ಸುಟ್ಟಾಗ ಮಾಡ್ತಿದ್ರು. ಅವ ಬರದದ್ದು ಆಫ್ರಿಕಾದ ಮಳಿ ರಾಜರ ಬಗ್ಗೆ. ಓದಿದ ಕೂಡ್ಲೆ ನನಗ ನಮ್ಮ ಓಣಿ ಕಂಡ್ತು. ಗುರ್ಜಿ ಹೊರಗ ಬರೂದು ಯಾವಾಗ? ಮಿರಗ ಹೋತು, ಆರಿದ್ರಾನೂ ಹೊಂಟೈತಿ, ಇನ್ನೂ ಹನಿ ಇಲ್ಲ ಅಂದಾಗ. ಮಳಿ ಬರೂ ವ್ಯಾಳ್ಯಾ ಆಗೈತಿ, ಬಂದಿಲ್ಲ. ಬೀಗರು ತಡಾ ಮಾಡಿದ್ರ ಅಗಸಿ ತನಕ ಹೋಗಿ ಹಾದಿ ನೋಡ್ತೀವಲ್ಲ, ಹಂಗ. ಅಗಸಿಗೆ ಹೋಗಿ ನಿಂತ್ರ ಬಸ್ಸು ಲಗೂನ ಬರತೈತಿ ಅಂತ ಯಾರೂ ತಿಳಕೊಂಡಿರೂದಿಲ್ಲ.

ಇನ್ನೊಂದು ಗುಂಪೈತಿ, ವಾಟ್ಸಾಪ್ ವಿಜ್ಞಾನಿಗಳದು. ಹಿರ್‍ಯಾರು ಮಾಡಿದ್ದರಾಗ ವೈಜ್ಞಾನಿಕ ಕಾರಣ ಐತಿ, ಇದು ನಮ್ಮಲ್ಲಷ್ಟ ಇರೂ ಜ್ಞಾನ ಅಂತಾರ. ಇವರ ಮ್ಯಾಲೆ ನನಗ ಫ್ರೇಜರಗಿಂತ ಹೆಚ್ಚು ಸಿಟ್ಟು. ಸರ್ಬಿಯಾದಾಗ 'ದೊದೊಲಾ' ಅಂತ ಐತಿ, ರೊಮೇನಿಯಾದಾಗ 'ಪಾಪರುದಾ'. ಬರಗಾಲ ಬಿದ್ದಾಗ ಒಂದು ಹುಡುಗಿ ಮೈತುಂಬ ಎಲಿ, ಹುಲ್ಲು ಕಟಗೊಂಡು ಮನಿ ಮನಿ ಮುಂದ ಕುಣಿತಾಳ, ಹಿಂದ ಹುಡುಗ್ಯಾರು ಹಾಡ್ತಾರ, ಮನಿ ಹೆಣ್ಮಕ್ಕಳು ಅಕಿ ಮ್ಯಾಲೆ ನೀರು ಹೊಯ್ತಾರ. ಹಂಚು ಒಂದಿಲ್ಲ, ಉಳದದ್ದೆಲ್ಲಾ ಗುರ್ಜಿನ! ಬಾಜೂಕಿನ ಮಹಾರಾಷ್ಟ್ರದಾಗ 'ಧೋಂಡಿ' ಐತಿ, ಬೇವಿನ ತೊಪ್ಪಲಾ ಸುತಗೊಂಡ ಹುಡುಗ್ರು. ಇದು ಒಬ್ಬರ ಆಸ್ತಿ ಅಲ್ರೀ.

ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲಾಂದ್ರ ಕಮೆಂಟಿನ್ಯಾಗ ಬೈಸ್ಕೋತೀನಿ. ಆ ಆಯಿಗೆ ದೇವರ ಮ್ಯಾಲೆ ನಂಬಿಕಿ ಇಲ್ಲ ಅಂತ ನಾನು ಹೇಳಲಿಲ್ಲ. ಐತಿ. ನಂಬಿಕಿನೂ ಐತಿ, ಇದು ಆಟ ಅನ್ನೂದೂ ಗೊತ್ತೈತಿ, ಎರಡೂ ಒಂದ ಮನಸ್ನ್ಯಾಗ ಜಗಳಾಡದ ಕುಂತಾವ. ಸಣ್ಣ ಹುಡುಗ್ರು ಕಟಗಿನ ಕುದುರಿ ಮಾಡ್ಕೊಂಡು ಓಡ್ತಾವಲ್ಲ, ಅದಕ್ಕ ಹುಲ್ಲು ಹಾಕ್ತಾವ, ಆದ್ರ ತಾವ ಹೋಗಿ ಹುಲ್ಲು ತಿನ್ನೂದಿಲ್ಲ. ಅಷ್ಟು ಶಾಣ್ಯಾತನ ಆಟದಾಗ ಇರತೈತಿ.

ಇನ್ನ ನೀರಿನ ಲೆಕ್ಕ. ಇಲ್ಲಿ ವರ್ಷಕ್ಕ ಬೀಳೂದು ಹೆಚ್ಚು ಕಡಿಮಿ 600 ಮಿಲಿಮೀಟರ್. ಅರಬ್ಬಿ ಸಮುದ್ರದ ಮೋಡ ಘಟ್ಟದಾಗ ಖಾಲಿಯಾಗಿ, ಉಳದದ್ದು ನಮ್ಮ ಕಡೆ ಬರೂದು. ಎರಿ ಹೊಲ ಮಳಿ ಆದ್ರ ಕಾಲು ಹಿಡಿತೈತಿ, ಹೋದ್ರ ಬಿರುಕು ಬಿಟ್ಟು ಕಾಲು ನುಂಗತೈತಿ. 2023ರಾಗ ಸರಕಾರ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ ಅಂತ ಘೋಷಣೆ ಮಾಡ್ತು. ಅಂಥಾ ವರ್ಷದಾಗ, ನಳಕ್ಕ ಎಂಟು ದಿನಕ್ಕೊಮ್ಮಿ ನೀರು ಬರೂ ಓಣ್ಯಾಗ, ಒಬ್ಬಾಕಿ ಒಂದು ತಂಬಿಗಿ ನೀರು ಹುಡುಗನ ತಲಿ ಮ್ಯಾಲೆ ಹೊಯ್ತಾಳ. ಯಾವುದು ಇಲ್ಲೋ ಅದನ್ನ ಖರ್ಚು ಮಾಡ್ತಾಳ! ನನ್ನ ವಿಚಾರ ಇಲ್ಲೇ ಕಟ್ಟಿ ಬಿದ್ದೈತಿ. ಕಷ್ಟಕಾಲದಾಗ ಹುಡುಗರ ಆಟ ತಾನ ಉಳಿಯೂದಿಲ್ಲ, ದೊಡ್ಡವರು ಅದಕ್ಕ ಏನಾರ ಖರ್ಚು ಮಾಡಬೇಕು. 'ನೀರ ಇಲ್ಲ, ನಿಮ್ದೇನು ಆಟ, ನಡೀರಿ ಅತ್ತಾಗ' ಅಂದು ಒಬ್ಬಾಕಿ ಬಾಗಲಾ ಹಾಕಿದ್ರ ಮುಂದಿನ ಮನಿಗೆ ಹೋಗ್ತಾವ. ಓಣಿಗೆ ಓಣಿನ ಬಾಗಲಾ ಹಾಕಿದ್ರ ಹಂಚು ತಿರುಗಿ ಒಲಿಗೆ.

'ಆಡ್ಕೋತ ಕುಂದ್ರೂದು ಬಿಟ್ಟು ಹೋರಾಟ ಮಾಡಬೇಕಿತ್ತು' ಅನ್ನಾವರು ಅದಾರ. ಮಾಡ್ಯಾರಲ್ರಿ! ಮಲಪ್ರಭಾ ಕಾಲುವಿ ನೀರು ಸರಿಯಾಗಿ ಮುಟ್ಟದಿದ್ರೂ ಬೆಟರ್‌ಮೆಂಟ್ ಲೆವಿ ಅನ್ನೂ ಕರ ಕಟ್ಟರಿ ಅಂದಾಗ ಎದ್ದು ನಿಂತದ್ದು ಇದ ನರಗುಂದ, ನವಲಗುಂದದ ರೈತರು. 1980ರ ಜುಲೈ 21ಕ್ಕ ನರಗುಂದದಾಗ ಗೋಲಿಬಾರ್ ಆತು, ರೈತರ ಜೀವ ಹೋತು, ಚಳವಳಿ ಇಡೀ ರಾಜ್ಯಕ್ಕ ಹಬ್ಬಿತು. ಮಹದಾಯಿ ನೀರಿಗಾಗಿ 2015ರ ಜುಲೈದಾಗ ನರಗುಂದದಾಗ ಧರಣಿ ಕುಂತಾವರು ವರ್ಷಗಟ್ಟಲೆ ಕುಂತ್ರು. ಇವರು ಗುರ್ಜಿ ಹೊತ್ತು ಬೆಳದ ಊರವರ. ಸಗಣಿ ನೀರು ಮೂಗಿಗೆ ಇಳಿಸ್ಕೊಂಡಾವಗ ಲಾಠಿ ಎದುರು ನಿಂದ್ರಾಕ ಬರೂದಿಲ್ಲ ಅಂತ ಯಾರು ಹೇಳಿದ್ರು?

ಟೈಮ್ ಆಗಾಕತ್ತೈತಿ, ಆದ್ರ ದೊಡ್ಡವರು ಹುಡುಗಾಟ ಉಳಿಸೂ ಮಾತು ಬಂದ ಮ್ಯಾಲೆ ಗಾಯಕ ಭೀಮಸೇನ ಜೋಶಿಯವರದು ಹೇಳಲಾರದ ಬಿಡೂದಿಲ್ಲ. 1922ರ ಫೆಬ್ರುವರಿ 4ಕ್ಕ ರೋಣದಾಗ ಹುಟ್ಟಿದಾವರು. ಗದಗಿನವರು ನಮ್ಮವರು ಅಂತಾರ, ಅನ್ಲಿ. ಸಣ್ಣಾಂವ ಇದ್ದಾಗ ಬ್ಯಾಂಡ್ ಬಾಜಾದ ಮೆರವಣಿಗಿ ಹಾದ್ರ ಅದರ ಹಿಂದ ಹೊಂಟಬಿಡ್ತಿದ್ದ, ದಣದಲ್ಲೇ ಮಲಗತಿದ್ದ. ಮನ್ಯಾಗ ಗಾಬರಿ, ಪೊಲೀಸರ ತನಕ ಹೋಗೂದು. ಕಡೀಕ ತಂದಿ ಗುರುರಾಜಾಚಾರ್ಯರು ಏನು ಮಾಡಿದ್ರು? ಕಟ್ಟಿ ಹಾಕಲಿಲ್ಲ. ಅಂಗಿ ಮ್ಯಾಲೆ 'ಜೋಶಿ ಮಾಸ್ತರರ ಮಗ' ಅಂತ ಬರದ್ರು! ಸಿಕ್ಕಾವರು ಓದಿ ಮನಿಗೆ ತಂದು ಬಿಡ್ತಿದ್ರು. ಮಾಸ್ತರ ಪಗಾರದ ಮನಿ, ತುಂಬಿದ ಸಂಸಾರ, ಅದರಾಗ ಇಂಥಾ ಉಪಾಯ ಹೊಳೀಬೇಕಂದ್ರ ಆ ತಂದಿಯೊಳಗೂ ಒಬ್ಬ ಹುಡುಗ ಇದ್ದಿರಬೇಕು. 1933ರಾಗ, ಹನ್ನೊಂದರ ವಯಸ್ಸಿಗೆ, ಸಂಗೀತದ ಗುರುವನ್ನ ಹುಡುಕಿ ಮನಿ ಬಿಟ್ಟು ಓಡಿದ. ಅವ್ವ ತುಪ್ಪ ಹಾಕಲಿಲ್ಲ ಅಂತ ಓಡಿದ ಅನ್ನೂ ಕಥಿ ಬಾಳ ಮಂದಿ ಹೇಳ್ತಾರ. ತುಪ್ಪ ನೆಪ ಅಷ್ಟ, ಬರೇ ತುಪ್ಪಕ್ಕ ಸಿಟ್ಟಾದ ಹುಡುಗ ಸಂಜಿ ಊಟಕ್ಕ ತಿರುಗಿ ಬರ್ತಾನ. ಇವನು ಗ್ವಾಲಿಯರ್, ಕಲ್ಕತ್ತಾ ಸುತ್ತಿ ಜಲಂಧರ ಮುಟ್ಟಿದ. ಹುಡುಕಿ ಕರಕೊಂಡು ಬಂದಾವರೂ ಅದ ತಂದಿ. 1936ರಾಗ ಸವಾಯಿ ಗಂಧರ್ವರು ಶಿಷ್ಯ ಅಂತ ತಗೊಂಡ್ರು. ಮುಂದಿನದು ನಿಮಗ ಗೊತ್ತೈತಿ.

ಉಳದದ್ದು ಓಡಿಸ್ತೀನಿ. ಮಣ್ಣೆತ್ತಿನ ಅಮಾಸಿ: ಖರೇ ಎತ್ತು ಇಲ್ಲದ ಮನಿಯೊಳಗೂ ಅವತ್ತ ಜೋಡೆತ್ತು. ಮರುದಿನ ಹುಡುಗ್ರು ಒಂದು ಮಣ್ಣೆತ್ತು ಕುಂಟೈತಿ ಅಂತ ಮಾರಿ ಸಣ್ಣದು ಮಾಡ್ಕೊಂಡು ಮನಿಮನಿಗೆ ಹೋಗಿ ಕಾಳು ಬೇಡ್ತಾವ, ಕುಂಟು ಮಾಡಿದಾವರು ತಾವ! ಆಷಾಢದ ಮಂಗಳವಾರಕ್ಕ ಹುಡುಗ್ಯಾರ ಗುಳ್ಳವ್ವ. ಪಂಚಮಿಗೆ ಜೋಕಾಲಿ.

ಭಾದ್ರಪದದಾಗ ಜೋಕುಮಾರ. ಗಣಪ್ಪ ಬರ್ತಾನ, ಕಡಬು ತಿಂತಾನ, ಹೋಗಿ ಶಿವನ ಮುಂದ 'ಭೂಲೋಕದಾಗ ಎಲ್ಲಾ ಚೊಲೊ ಐತಿ' ಅಂತಾನ. ಜೋಕುಮಾರ ಬುಟ್ಟ್ಯಾಗ ಕುಂತು ಓಣಿ ಓಣಿ ತಿರಗತಾನ, ಬಾಯಿಗೆ ಬೆಣ್ಣಿ ಮೆತ್ತಿಸ್ಕೋತಾನ, ಏಳು ದಿನಕ್ಕ ಸಾಯ್ತಾನ, ಹೋಗಿ 'ಮಳಿ ಇಲ್ಲ, ಮಂದಿ ಕಷ್ಟದಾಗ ಅದಾರ' ಅಂತ ಇದ್ದದ್ದು ಇದ್ದಂಗ ಹೇಳ್ತಾನ. ಅವಾಗ ಮಳಿ. ಗಣಪ್ಪನ ಮ್ಯಾಲೆ ನನಗ ಭಕ್ತಿ ಐತಿ, ಆದ್ರ ವರದಿ ಬೇಕಂದ್ರ ನಾನು ಜೋಕುಮಾರನ್ನ ಕಳಸ್ತೀನಿ.

ಅವನದ ಒಂದು ಎಪಿಸೋಡ್ ಆಗತೈತಿ, ಭಾದ್ರಪದದಾಗ ಮಾಡೂಣು. ನಿಮ್ಮ ಊರಾಗ ಈಗ ಗುರ್ಜಿ ಹೊರೂದು ಯಾವ ಹಂಚಿನ್ಯಾಗ? ಕಬ್ಬಿಣದ್ದೋ, ಮಣ್ಣಿಂದೋ, ನಾನ್‌ಸ್ಟಿಕ್ ತವಾನೋ? ಕೆಳಗ ಬರೀರಿ. ಬರ್ತೀನ್ರಿ.