ಬೀಜ ಒಣಗಲಿ, ಜೀವ ಉಳಿಯಲಿ



ನಾಗಮಂಗಲದ ಕಡೆ ಮಳೆಯನ್ನೇ ನಂಬಿದ ಹೊಲಗಳು ಹೆಚ್ಚು. ಹದ ಮಳೆ ಬಿದ್ದ ಮೇಲೆ ಬಿತ್ತನೆಗೆ ಸಿಗುವುದು ಕೆಲವೇ ದಿನ. ಆಗ ಹಾಕಿದ ಬೀಜ ಮೊಳೆಯದಿದ್ದರೆ ಹದ ತಪ್ಪಿತು. ಹಿತ್ತಲಿನಲ್ಲಿ ಅಜ್ಜಿಯ ಕಾಲದಿಂದ ಬಂದ ಅವರೆ, ಹೀರೆ, ಬದನೆಯ ವಿಷಯದಲ್ಲಂತೂ ನಷ್ಟ ಇನ್ನೂ ದೊಡ್ಡದು; ಆ ತಳಿ ಅಂಗಡಿಯಲ್ಲಿ ಸಿಗಲಾರದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಅಂಥ ಸಂಶೋಧನೆಗೂ ಮೊದಲ ಷರತ್ತು ಒಂದೇ: ಆರಿಸಿದ ಹಿಡಿ ಬೀಜ ಮುಂದಿನ ಬಿತ್ತನೆಯವರೆಗೆ ಬದುಕಿರಬೇಕು.

ಹೌದು, ಬೀಜಕ್ಕೆ ಜೀವವಿದೆ. ಅದರೊಳಗೆ ಎಳೆಯ ಭ್ರೂಣವೂ ಅದಕ್ಕೆ ಬೇಕಾದ ಆಹಾರವೂ ಇರುತ್ತವೆ. ಬೀಜ ಬಹಳ ನಿಧಾನವಾಗಿ ಉಸಿರಾಡುತ್ತಿರುತ್ತದೆ. ತೇವ ಹೆಚ್ಚಿದ್ದರೆ ಉಸಿರಾಟ ಜೋರಾಗಿ, ಕೂಡಿಟ್ಟ ಆಹಾರ ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಆದ್ದರಿಂದಲೇ ಒಣಗಿಸುವುದು. ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಒಂದು ಸರಳ ಸೂತ್ರ ಹೇಳಿದರು: ಬೀಜದ ತೇವಾಂಶ ಶೇಕಡಾ 14ರಿಂದ 5ರವರೆಗೆ ಇಳಿಯುವಾಗ, ಪ್ರತಿ ಶೇಕಡಾ 1 ಇಳಿಕೆಗೆ ಬೀಜದ ಆಯುಸ್ಸು ಸುಮಾರು ಎರಡರಷ್ಟಾಗುತ್ತದೆ.

ಹಾಗಾದರೆ ಉರಿಬಿಸಿಲಿನಲ್ಲಿ ಒಂದೇ ದಿನಕ್ಕೆ ಒಣಗಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ತೊಂದರೆ ಇರುವುದು ಅಲ್ಲಿಯೇ. ಒಣ ಬೀಜ ಒಂದಿಷ್ಟು ಶಾಖ ತಾಳುತ್ತದೆ. ಹಸಿ ಬೀಜ ತಾಳುವುದಿಲ್ಲ. ಬಿಸಿ ನೀರಿಗೆ ಬಿದ್ದ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವುದನ್ನು ನೋಡಿದ್ದೀರಿ. ತೇವ ಮತ್ತು ಶಾಖ ಸೇರಿದಾಗ ಭ್ರೂಣದ ಪ್ರೋಟೀನುಗಳೂ ಹೀಗೆಯೇ ಕೆಡುತ್ತವೆ. ತರಕಾರಿ ಬೀಜಗಳಿಗೆ 35 ಡಿಗ್ರಿ ಸೆಲ್ಸಿಯಸ್ ಮೀರದಿರುವುದು ಕ್ಷೇಮ. ಮಧ್ಯಾಹ್ನದ ಸಿಮೆಂಟು ಅಂಗಳ, ಡಾಂಬರು ರಸ್ತೆ, ತಗಡಿನ ಚಾವಣಿ ಇದಕ್ಕಿಂತ ಬಹಳ ಹೆಚ್ಚು ಕಾಯುತ್ತವೆ. ಬರಿಗಾಲು ಇಡಲಾಗದ ಜಾಗದಲ್ಲಿ ಬೀಜವನ್ನು ಹರಡಬೇಡಿ. ಅವರೆ, ಹುರುಳಿಯಂಥ ಕಾಳುಗಳು ಅವಸರದಲ್ಲಿ ಒಣಗಿದರೆ ಸಿಪ್ಪೆ ಬಿರಿಯುವುದೂ ಉಂಟು.

ಕ್ರಮ ಹೀಗಿರಲಿ. ಚೆನ್ನಾಗಿ ಬಲಿತ ಕಾಯಿಯ ಬೀಜವನ್ನೇ ಆರಿಸಿ. ಟೊಮೇಟೊ ಬೀಜವನ್ನು ಲೋಳೆಯ ಸಮೇತ ಒಂದೆರಡು ದಿನ ಹುಳಿಯಲು ಬಿಟ್ಟು ತೊಳೆಯಿರಿ. ಮೊರದ ಮೇಲೆ ಬಟ್ಟೆ ಹಾಸಿ ತೆಳುವಾಗಿ ಹರಡಿ. ಮೊದಲ ಎರಡು ಮೂರು ದಿನ ಗಾಳಿಯಾಡುವ ನೆರಳು. ಮೇಲ್ಮೈ ತೇವ ಆರಿದ ಮೇಲೆ ಬೆಳಗಿನ ಎಳೆಬಿಸಿಲು. ದಿನಕ್ಕೆ ಹಲವು ಬಾರಿ ಕೈಯಾಡಿಸಿ. ಸಂಜೆ ಇಬ್ಬನಿಗೆ ಮೊದಲೇ ಒಳಗಿಡಿ. ಹೀರೆಕಾಯನ್ನು ಇಡಿಯಾಗಿಯೇ ಮನೆಯೊಳಗೆ ತೂಗುಹಾಕುವ ಹಿರಿಯರ ಪದ್ಧತಿಯಲ್ಲಿ ಇದೇ ವಿಜ್ಞಾನವಿದೆ: ಬೀಜ ಕಾಯಿಯೊಳಗೆ, ನೆರಳಿನಲ್ಲಿ, ನಿಧಾನವಾಗಿ ಒಣಗುತ್ತದೆ.

ಒಣಗಿದೆಯೆಂದು ತಿಳಿಯುವುದು ಹೇಗೆ? ಸೋರೆ, ಕುಂಬಳದ ಬೀಜ ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ಒಣ ಗಾಜಿನ ಸೀಸೆಯಲ್ಲಿ ಒಂದಿಷ್ಟು ಬೀಜವನ್ನು ಒಣ ಪುಡಿಯುಪ್ಪಿನೊಡನೆ ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಬೀಜ ಇನ್ನೂ ಹಸಿ. ಅಂಟದಿದ್ದರೂ ಕೆಲಸ ಮುಗಿಯಲಿಲ್ಲ. ನಮ್ಮ ದೇಶದ ಪ್ರಮಾಣಿತ ಟೊಮೇಟೊ, ಬದನೆ ಬೀಜಗಳಲ್ಲಿ ತೇವಾಂಶ ಶೇಕಡಾ 8 ಮೀರುವಂತಿಲ್ಲ. ಗಾಳಿಯಾಡದ ಪೊಟ್ಟಣವಾದರೆ 6. ಇದಕ್ಕೆ ಮನೆಯಲ್ಲೇ ಉಪಾಯವಿದೆ. ಅಕ್ಕಿಯನ್ನು ಚೆನ್ನಾಗಿ ಹುರಿದು, ಮುಚ್ಚಿದ ಡಬ್ಬಿಯಲ್ಲೇ ಪೂರ್ತಿ ತಣಿಸಿ. ಬಟ್ಟೆಗಂಟಿನಲ್ಲಿ ಕಟ್ಟಿದ ಬೀಜವನ್ನು ಅದರೊಳಗೆ ಇಟ್ಟು ಬಿಗಿಯಾಗಿ ಮುಚ್ಚಿ. ಉಳಿದ ತೇವವನ್ನು ಶಾಖವಿಲ್ಲದೆಯೇ ಅಕ್ಕಿ ಹೀರುತ್ತದೆ.

ಒಂದು ಎಚ್ಚರಿಕೆ. ಹಲಸು, ಮಾವಿನ ಬೀಜಗಳಿಗೆ ಈ ಕ್ರಮ ಸಲ್ಲದು. ಅವು ಒಣಗಿದರೆ ಸಾಯುತ್ತವೆ. ಹಣ್ಣು ತಿಂದ ಕೆಲವೇ ದಿನಗಳಲ್ಲಿ ನೆಡಬೇಕು.

ಕೊನೆಯದಾಗಿ ನಿಮಗೊಂದು ಪ್ರಯೋಗ. ಒಂದೇ ಗಿಡದ ಅವರೆಯನ್ನು ಎರಡು ಪಾಲು ಮಾಡಿ, ಒಂದನ್ನು ನೆರಳಿನಲ್ಲೂ ಇನ್ನೊಂದನ್ನು ಮಧ್ಯಾಹ್ನದ ಸಿಮೆಂಟಿನ ಮೇಲೂ ಒಣಗಿಸಿ. ಪ್ರತಿ ಪಾಲಿನಿಂದ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದ ಮೇಲೆ ಮೊಳಕೆಗಳನ್ನು ಎಣಿಸಿ ಬರೆದಿಡಿ. ಬಿತ್ತನೆಗೆ ಮೊದಲು ಮನೆಯವರಿಗೆ ಆ ಲೆಕ್ಕ ತೋರಿಸಿ. ಹೊಲಕ್ಕೆ ಇಳಿಯುವ ಮೊದಲೇ ಬೀಜದ ಯೋಗ್ಯತೆ ತಿಳಿದರೆ, ಹದ ಮಳೆ ವ್ಯರ್ಥವಾಗದು.