ಆಸ್ಪತ್ರೆಯ ಟೆರೇಸಿಗೆ ಏಕೆ ಹಣ ಕೊಡಬೇಕು?
(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ನಿಧಿ ಇರುವುದು ರೋಗಿಗಳ ಔಷಧಿಗೆ, ಆಪರೇಷನ್ನಿಗೆ. ಸಿಮೆಂಟಿಗಲ್ಲ ಎಂದು ಕಳೆದ ಸಭೆಯಲ್ಲಿ ಇಬ್ಬರು ಹಿರಿಯರು ಆಕ್ಷೇಪಿಸಿದರು. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿ ಇದ್ದವನು ನಾನು. ಇಂಥ ಆಕ್ಷೇಪ ಎಂದರೆ ನನಗೆ ಗೌರವ. ಅದಕ್ಕೆ ಉತ್ತರ ಕೊಡಲೆಂದೇ ಇವತ್ತು ನಿಂತಿದ್ದೇನೆ.

ಹೋದ ಜುಲೈನಲ್ಲಿ ನಮ್ಮ ಸದಸ್ಯರೊಬ್ಬರ ತಾಯಿಯನ್ನು ನೋಡಲು ಇಲ್ಲಿಯ ಆ ಧರ್ಮಾರ್ಥ ಆಸ್ಪತ್ರೆಗೆ ಹೋಗಿದ್ದೆ. ಮೇಲಿನ ಮಹಡಿಯ ವಾರ್ಡು. ಮಂಚಗಳನ್ನೆಲ್ಲ ಒಂದೇ ಗೋಡೆಗೆ ಸರಿಸಿದ್ದರು, ನಡುವೆ ಬಕೆಟ್ಟುಗಳು. ಅಜ್ಜಿ ಗದಗ ಸೀಮೆಯವರು. "ತಮ್ಮಾ, ನಮ್ಮೂರ ಮಾಳಿಗಿ ಸೋರಿದ್ರ ಒಂದ್ ಬುಟ್ಟಿ ಮಣ್ಣ ಹಾಕತಿದ್ವಿ. ಇಲ್ಲಿ ಯಾರು ಹಾಕಬೇಕು?" ಎಂದರು.

ನಾನೂ ಮಣ್ಣಿನ ಮಾಳಿಗೆಯ ಮನೆಯಲ್ಲೇ ಬೆಳೆದವನು. ಮಿರಗ ಕೂಡುವ ಮೊದಲು ನಮ್ಮಪ್ಪ ಮಾಳಿಗೆ ಹತ್ತುತ್ತಿದ್ದರು. ಆದರೆ ಹಳೆಯ ಮಣ್ಣು ಕೆರೆದು ಕೆಳಗಿಳಿಸಿದ ಮೇಲೆಯೇ ಹೊಸದು. "ಮ್ಯಾಲ ಮ್ಯಾಲ ಹಾಕಿದ್ರ ತೊಲಿ ಮುರೀತಾವ" ಎನ್ನುತ್ತಿದ್ದರು. ಆ ಮಾತನ್ನು ನಾನು ಮರೆತದ್ದೇ ತಪ್ಪಾಯಿತು.

ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಖಜಾಂಚಿಯಾಗಿದ್ದಾಗ ಟೆರೇಸ್ ಸೋರಿತು. ಮೂರು ಕೊಟೇಶನ್ ತರಿಸಿ, ಕಡಿಮೆಯದನ್ನು ಒಪ್ಪಿದೆ. ಗುತ್ತಿಗೆದಾರ ಹಳೆಯ ಕೋಬಾ ಒಡೆಯದೆ ಅದರ ಮೇಲೆಯೇ ಇನ್ನೊಂದು ಕೋಬಾ ಹಾಕಿದ. ಇಟ್ಟಿಗೆ ಚೂರು, ಸಿಮೆಂಟಿನ ನಾಲ್ಕೂವರೆ ಇಂಚಿನ ಪದರ. ಚದರ ಅಡಿಗೆ ಸುಮಾರು 20 ಕಿಲೋ ಭಾರ. ಒಂದು ಸಾವಿರ ಚದರ ಅಡಿಗೆ 20 ಟನ್! ಎಷ್ಟೋ ಸಾಲದ ಅರ್ಜಿಗಳ ಅಂಕಿ ಪರೀಕ್ಷಿಸಿದ ನನಗೆ ಈ ಗುಣಾಕಾರ ಹೊಳೆಯಲಿಲ್ಲ. ಮೂರನೆಯ ಮಳೆಗೆ ಮತ್ತೆ ಸೋರಿತು. ಎಂಜಿನಿಯರ್ ಬಂದು ಕೆಳಗಿನ ಪ್ಲಾಸ್ಟರ್ ತಟ್ಟಿದಾಗ ಅಂಗೈ ಅಗಲದ ಚಕ್ಕೆ ಉದುರಿತು, ಒಳಗೆ ಸರಳು ಕೆಂಪಗೆ ತುಕ್ಕು ಹಿಡಿದಿತ್ತು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ನಾವು ಮೇಲೆ ಭಾರ ಹೇರುತ್ತಿದ್ದೆವು, ಕೆಳಗೆ ಬಲ ಕುಂದುತ್ತಿತ್ತು. ಎರಡೂ ಕೋಬಾ ಒಡೆದು ಇಳಿಸಲು, ಹಾಕಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು.

ಉಲ್ಹಾಸನಗರದವರಿಗೆ ಸ್ಲ್ಯಾಬಿನ ಮಾತನ್ನು ಬಿಡಿಸಿ ಹೇಳಬೇಕಿಲ್ಲ. 2021ರ ಮೇ ತಿಂಗಳೊಂದರಲ್ಲೇ ಇಲ್ಲಿ ಎರಡು ಕಟ್ಟಡಗಳ ಸ್ಲ್ಯಾಬ್ ಕುಸಿಯಿತು. 28ರ ರಾತ್ರಿ ಮೇಲಿನ ಸ್ಲ್ಯಾಬ್ ಒಂದೊಂದೇ ಅಂತಸ್ತನ್ನು ಒಡೆದುಕೊಂಡು ಕೆಳಗಿಳಿದು ಏಳು ಜನ ಹೋದರು. ಆ ಮನೆಗಳಲ್ಲಿದ್ದವರು ಎದ್ದು ಓಡಬಲ್ಲವರು. ಸಲೈನ್ ಹಚ್ಚಿಕೊಂಡು ಮಲಗಿದವರು ಎಲ್ಲಿಗೆ ಓಡಬೇಕು?

ಇದು ಬಡ ಊರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಕಿಂಗ್ಸ್ ಲಿನ್ ಪಟ್ಟಣದ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಚಪ್ಪಟೆ ಛಾವಣಿ ಗಾಳಿಗುಳ್ಳೆಯ ಹಗುರ ಕಾಂಕ್ರೀಟ್ ಹಲಗೆಗಳದ್ದು. ಅದು ಬೀಳದಂತೆ ವಾರ್ಡುಗಳಲ್ಲಿ ಸಾವಿರಾರು ಆಸರೆ ಕಂಬ ನಿಲ್ಲಿಸಬೇಕಾಯಿತು. 2023ರಲ್ಲಿ ಅಲ್ಲಿಯ ಸರಕಾರ ಹೊಸ ಕಟ್ಟಡಕ್ಕೇ ಒಪ್ಪಿತು.

ಹಾಗಾದರೆ ನಮ್ಮ ಆಸ್ಪತ್ರೆಗೆ ದುರಸ್ತಿಯೋ, ಹೊಸ ಸ್ಲ್ಯಾಬೋ? ಅದನ್ನು ನಾನೂ ಹೇಳಲಾರೆ, ಗುತ್ತಿಗೆದಾರನೂ ಹೇಳಬಾರದು. ಸ್ಟ್ರಕ್ಚರಲ್ ಆಡಿಟ್ ಹೇಳಬೇಕು. 30 ವರ್ಷ ದಾಟಿದ ಕಟ್ಟಡಕ್ಕೆ ನಮ್ಮ ರಾಜ್ಯದ ಮಹಾನಗರಪಾಲಿಕೆ ಕಾಯ್ದೆಯ ಪ್ರಕಾರ ಅದು ಕಡ್ಡಾಯವೂ ಹೌದು. ವರದಿ ಸಿ-1 ಎಂದರೆ ಖಾಲಿ ಮಾಡಿ ಕೆಡವಬೇಕು. ಸಿ-2ಎ ಎಂದರೆ ಖಾಲಿ ಮಾಡಿ ದೊಡ್ಡ ದುರಸ್ತಿ. ಸಿ-2ಬಿ ಎಂದರೆ ಖಾಲಿ ಮಾಡದೆ ದುರಸ್ತಿ. ಸಿ-3 ಸಣ್ಣ ರಿಪೇರಿ. ಸೋರಿಕೆಯ ಮೂಲ ನೀರಿನ ಟಾಕಿಯೋ, ಎ.ಸಿ. ಕೂರಿಸಲು ಕೊರೆದ ತೂತೋ, ಕಸ ಕಟ್ಟಿದ ಪೈಪೋ ಇರಬಹುದು. ಹಾಗಿದ್ದರೆ ನಮ್ಮ ಪುಣ್ಯ.

ಇನ್ನೊಂದು ಮಾತು, ಇದನ್ನು ನನಗೆ ತಿಳಿಸಿದವರು ಡಾಕ್ಟರೇ. ಹಳೆಯ ಕೋಬಾ ಒಡೆಯುವ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳು ಏಳುತ್ತವೆ. ರೋಗನಿರೋಧಕ ಶಕ್ತಿ ಕುಂದಿದವರ ಶ್ವಾಸಕೋಶಕ್ಕೆ ಅದು ಅಪಾಯ. ಆದ್ದರಿಂದ ಕೆಳಗಿನ ವಾರ್ಡು ತೆರವು ಮಾಡಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಭಾಗ ಭಾಗವಾಗಿ ಒಡೆಯಬೇಕು. ಮನೆಯ ಟೆರೇಸಿನ ದರದಲ್ಲಿ ಆಸ್ಪತ್ರೆಯ ಟೆರೇಸ್ ಆಗುವುದಿಲ್ಲ. ಎಸ್ಟಿಮೇಟ್ ನೋಡಿ ಗಾಬರಿಯಾಗಬೇಡಿ.

ಹಣವನ್ನು ಗೃಹಸಾಲದಂತೆ ಕಂತಿನಲ್ಲಿ ಬಿಡೋಣ ಎಂಬುದು ನನ್ನ ಸೂಚನೆ. ಮೊದಲ ಕಂತು ಆಡಿಟ್ಟಿಗೆ ಮಾತ್ರ. ವರದಿ ಈ ಸಭೆಯ ಮುಂದೆ ಬಂದ ಮೇಲೆ ಎರಡನೆಯದು. ಕೆಲಸ ಮುಗಿದು, ಟೆರೇಸಿನಲ್ಲಿ ಎರಡು ಮೂರು ದಿನ ನೀರು ನಿಲ್ಲಿಸಿ, ಕೆಳಗೆ ಹನಿ ಬಾರದಿದ್ದರೆ ಮೂರನೆಯದು. ಕೊನೆಯದು ಒಂದು ಮಳೆಗಾಲ ಕಳೆದ ನಂತರ. ರೋಗಿಗಳ ನೆರವಿನ ಹಣ ಮುಟ್ಟುವುದು ಬೇಡ. ಬೇರೆ ಖಾತೆ, ಬೇರೆ ರಸೀದಿ ಪುಸ್ತಕ. ದಯವಿಟ್ಟು ಚೆಕ್ಕಿನಲ್ಲೇ ಕೊಡಿ, ನಗದು ಎಣಿಸುವ ಕೆಲಸದಿಂದ ನಾನು ನಿವೃತ್ತನಾಗಿದ್ದೇನೆ.

ಆ ಅಜ್ಜಿ ಗುಣವಾಗಿ ಮನೆಗೆ ಹೋದರು. ಆದರೆ ಆ ವಾರ್ಡಿನ ಮಂಚಗಳು ಖಾಲಿ ಇರುವುದಿಲ್ಲ. ಮಿರಗಕ್ಕೆ ಇನ್ನು ಹತ್ತು ವಾರ ಇದೆ. ಆಡಿಟ್ಟಿಗೆ ಮೂರು ವಾರ ಬೇಕಂತೆ. ಚೆಕ್ ಪುಸ್ತಕ ತಂದವರು ಬಾಗಿಲ ಬಳಿಯ ಮೇಜಿಗೆ ಬನ್ನಿ, ಊಟದ ತನಕ ನಾನು ಅಲ್ಲೇ ಇರುತ್ತೇನೆ.